ಮೂರನೇ ಮಹಡಿಯ ‘ಅದು’

ಎಂ.ಎ. ತರಗತಿಯಲ್ಲಿ ‘ಅನ್ಯ’ದ (ನಮ್ಮವರಲ್ಲ ಎಂದು ಹೊರಗಿಟ್ಟವರ) ಪಾಠ ಶುರು ಮಾಡುವಾಗ ನಾನು ಸಿದ್ಧಾಂತದ ಪುಸ್ತಕ ತೆರೆಯುವುದಿಲ್ಲ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿಯ (1847) ಒಂದು ಪುಟ ಕೊಟ್ಟು, ಕನ್ನಡಕ್ಕೆ ತನ್ನಿ ಅನ್ನುತ್ತೇನೆ.

ಕಾದಂಬರಿಯ ನಾಯಕಿ ಜೇನ್ ಜೊತೆ ರಾಚೆಸ್ಟರ್‌ನ ಮದುವೆ ಚರ್ಚಿನಲ್ಲೇ ನಿಂತುಹೋಗಿದೆ. ಅವನಿಗೆ ಮೊದಲೇ ಹೆಂಡತಿ ಇದ್ದಾಳೆ, ಜಮೈಕಾದ ಬರ್ತಾ. ತೋರಿಸುತ್ತೇನೆ ಬನ್ನಿ ಎಂದು ಎಲ್ಲರನ್ನೂ ತನ್ನ ಮನೆಯ ಮೂರನೇ ಮಹಡಿಗೆ ಕರೆದೊಯ್ಯುತ್ತಾನೆ. ಕತ್ತಲಲ್ಲಿ ಏನೋ ಅತ್ತಿತ್ತ ಓಡುತ್ತಿದೆ. ಪ್ರಾಣಿಯೋ ಮನುಷ್ಯರೋ ತಿಳಿಯದು. ಕೈಕಾಲೂರಿ ತೆವಳುತ್ತದೆ, ಗುರುಗುಟ್ಟುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿರುವುದು ‘ಇಟ್’.

ಇಲ್ಲೇ ಮಕ್ಕಳ ಪೆನ್ನು ನಿಲ್ಲುತ್ತದೆ. ‘ಅದು’ ಅಂತ ಬರೆಯೋದಾ, ‘ಅವಳು’ ಅಂತಲಾ? (ಮೈಸೂರು ಕಡೆ ‘ನಮ್ಮ ಹುಡುಗಿ ಊರಿಂದ ಬಂತು’ ಅಂತೀವಿ. ಅದು ಮುದ್ದಿನ ಮಾತು, ಇದು ಬೇರೆ.) ಜಾಸ್ತಿ ಜನ ಪಾಪ ಅನ್ನಿಸಿ ‘ಅವಳು’ ಅಂತ ಬರೆದುಬಿಡುತ್ತಾರೆ. ಮೂಲದಲ್ಲಿ ಇಲ್ಲದ್ದನ್ನು ಯಾಕೆ ಕೊಟ್ಟಿರಿ ಎಂದು ಕೇಳುತ್ತೇನೆ. ಆಮೇಲೆ ಮುಂದಿನ ಸಾಲು ತೋರಿಸುತ್ತೇನೆ. ಆ ಕೋಣೆಯಲ್ಲಿ ‘ಅದು’ ಮತ್ತೆ ‘ಅವಳು’ ಆಗುವುದು ಸಂಬಳಕ್ಕಾಗಿ ಬರ್ತಾಳನ್ನು ಕಾಯುವ ಗ್ರೇಸ್ ಪೂಲ್ ಬಾಯಲ್ಲಿ: ಸಾರ್, ಅವಳು ನಿಮ್ಮನ್ನು ನೋಡಿದಳು!

ನನಗೆ ಇನ್ನೂ ಮುಖ್ಯ ಅನ್ನಿಸುವುದು ಆಮೇಲಿನ ಮಾತು. ರಾಚೆಸ್ಟರ್ ಜೇನ್‌ಳ ಹೆಗಲ ಮೇಲೆ ಕೈಯಿಟ್ಟು, ಈ ಮುಖ ನೋಡಿ, ಆ ಮುಖ ನೋಡಿ, ಹೋಲಿಸಿ ಎನ್ನುತ್ತಾನೆ. ಸಿದ್ಧಾಂತದವರು ‘ಅನ್ಯ’ ಅನ್ನುವುದರ ಕೆಲಸವೇ ಅದು. ಬರ್ತಾ ಎಷ್ಟು ಕಾಡಾಗಿ ಕಂಡರೆ ಜೇನ್ ಅಷ್ಟು ಸ್ವಚ್ಛ. ಬರ್ತಾಳ ಜೊತೆ ಬಂದ ಮೂವತ್ತು ಸಾವಿರ ಪೌಂಡ್ ಮಾತ್ರ ಯಾರಿಗೂ ಅನ್ಯ ಅನ್ನಿಸಲಿಲ್ಲ, ಅಲ್ವಾ?

ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ 1966ರ ‘ವೈಡ್ ಸರ್ಗಾಸೋ ಸೀ’ ಕಾದಂಬರಿಯಲ್ಲಿ ಬರ್ತಾಳ ಕತೆಯನ್ನೇ ಮುಂದಿಟ್ಟು ಇದನ್ನು ತಿರುಗಿಸಿದರು. ಅಲ್ಲಿ ಬರ್ತಾಳ ಹೆಸರು ಆಂಟನೆಟ್. ‘ಬರ್ತಾ’ ಗಂಡ ಇಟ್ಟ ಹೆಸರು. ಗಂಡನಿಗೆ ಆ ಪುಸ್ತಕದಲ್ಲಿ ಹೆಸರೇ ಇಲ್ಲ! ತರಗತಿಗೆ ಖುಷಿಯೋ ಖುಷಿ.

ಆಗ ಕ್ರಿಸ್ಟೋಫೀನ್ ವಿಷಯ ತೆಗೆಯುತ್ತೇನೆ. ಆಂಟನೆಟ್‌ಳನ್ನು ಸಾಕಿದ ಕಪ್ಪು ಹೆಂಗಸು. ಆಂಟನೆಟ್ ಪರವಾಗಿ ಗಂಡನ ಎದುರು ನಿಂತು ಜಗಳವಾಡುವವಳು ಅವಳು. ಆದರೂ ಕತೆ ಮುಗಿಯುವ ಮೊದಲೇ ಅವಳನ್ನು ಆಚೆಗೆ ಕಳಿಸಲಾಗುತ್ತದೆ ಎಂದು ವಿಮರ್ಶಕಿ ಗಾಯತ್ರಿ ಸ್ಪಿವಾಕ್ 1985ರಲ್ಲೇ ಗುರುತಿಸಿದ್ದರು. ಬೇಕಾದರೆ ಆಂಟನೆಟ್‌ಗೆ ಕಾಗದ ಬರೆ ಅನ್ನುತ್ತಾನೆ ಗಂಡ. ಓದು ಬರಹ ನನಗೆ ಬರಲ್ಲ, ಬೇರೆ ವಿಷಯ ಗೊತ್ತು ಎಂದವಳು ತಿರುಗಿ ನೋಡದೆ ಹೊರಟುಹೋಗುತ್ತಾಳೆ.