ಗೋಡೆಯ ಮೇಲಿನ ಮಣ್ಣಿನ ಗೆರೆ

ಕಳೆದ ಮೇ ತಿಂಗಳಲ್ಲಿ ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಬಣ್ಣ ಹೊಡೆಯಲೆಂದು ಎಮರಿ ಪೇಪರ್ ಉಜ್ಜುತ್ತಿದ್ದಾಗ ನನ್ನ ಹೆಬ್ಬೆರಳು ಮರದೊಳಕ್ಕೆ ಇಳಿದುಬಿಟ್ಟಿತು. ಮೇಲಿನ ಬಣ್ಣದ ಪದರ ಹಪ್ಪಳದಂತೆ ಮುರಿಯಿತು. ಒಳಗೆ ಮರದ ಮೆದುಭಾಗವೆಲ್ಲ ಹೋಗಿ, ಗಟ್ಟಿ ಎಳೆಗಳು ಮಾತ್ರ ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತಿದ್ದವು. ಹಾಳೆಗಳ ನಡುವೆ ಮೆತ್ತಿದ್ದ ಮಣ್ಣು ಬೆರಳಿಗೆ ಅಂಟುವಷ್ಟು ಒದ್ದೆಯಾಗಿತ್ತು. ಹೊರಗೆ ಅಂಗಳದ ನೆಲ ಬಿಸಿಲಿಗೆ ಬಿರುಕು ಬಿಟ್ಟಿತ್ತು, ಒಳಗೆ ಎಲ್ಲೆಡೆ ಟೈಲ್ಸ್ ಹಾಸಿತ್ತು.

ಈ ಒದ್ದೆ ಎಲ್ಲಿಂದ ಬಂತೆಂದು ಕೇಳಿದವರು ಯಾರೂ ಇರಲಿಲ್ಲ. ಮರ ಹಳತಾದರೆ ಗೆದ್ದಲು ತಾನಾಗಿ ಹುಟ್ಟುತ್ತದೆ ಎಂದವರು, ಸೀಮೆಎಣ್ಣೆ ಸುರಿಯಿರಿ ಎಂದವರು, ಇದು ಒಳ್ಳೆಯ ಲಕ್ಷಣವಲ್ಲ, ಒಂದು ಶಾಂತಿ ಮಾಡಿಸಿ ಎಂದವರು ಬೇಕಾದಷ್ಟು ಸಿಕ್ಕರು.

ಗೆದ್ದಲನ್ನು ‘ಬಿಳಿ ಇರುವೆ’ ಎನ್ನುವ ರೂಢಿ ಇದ್ದರೂ ಅದು ಇರುವೆಯ ಕುಲದ್ದಲ್ಲ. ವಂಶವಾಹಿಗಳನ್ನು ಹೋಲಿಸಿ ನೋಡಿದ 2007ರ ಅಧ್ಯಯನವೊಂದು ಅದನ್ನು ಜಿರಲೆಗಳ ಗಣದೊಳಗೇ ಸೇರಿಸಿತು. ಆದರೆ ಜಿರಲೆಗೆ ಮೇಣ ಸವರಿದ ಗಟ್ಟಿ ಕವಚವಿದೆ, ಕೆಲಸಗಾರ ಗೆದ್ದಲಿಗೆ ಇರುವುದು ಈರುಳ್ಳಿಯ ಒಳಪೊರೆಯಂಥ ತೆಳು ಚರ್ಮ. ಒಣಗಾಳಿಗೆ ಬಿದ್ದರೆ ಮೈಯ ನೀರು ಆರಿ ಅದು ಬೇಗನೆ ಸಾಯುತ್ತದೆ. ಆದ್ದರಿಂದ ಅದು ಹೊರಡುವಾಗ ತನ್ನ ನೆಲಮಾಳಿಗೆಯನ್ನೇ ಜೊತೆಗೆ ಕಟ್ಟಿಕೊಂಡು ಹೊರಡುತ್ತದೆ. ಗೋಡೆಯ ಮೇಲೆ ಪೆನ್ಸಿಲ್ ದಪ್ಪಕ್ಕೆ ಏರುವ ಮಣ್ಣಿನ ಗೆರೆ ಅದೇ. ಕೆಳಗಿನ ಹಸಿಮಣ್ಣಿನ ಕಣಗಳನ್ನು ಒಂದೊಂದಾಗಿ ತಂದು, ಜೊಲ್ಲಿನಿಂದ ಅಂಟಿಸಿ ಕಟ್ಟಿದ ಆ ಕೊಳವೆಯೊಳಗೆ ಗಾಳಿ ಸದಾ ತೇವವಾಗಿರುತ್ತದೆ. ಬೇಸಿಗೆಯಲ್ಲಿ ಹೂಜಿಗೆ ಒದ್ದೆ ಗೋಣಿ ಸುತ್ತುವುದನ್ನು ನೆನೆಯಿರಿ. ಅದು ಸಾಲದಿದ್ದರೆ, ನೀರಿಗಿಳಿಯುವ ಮುಳುಗುಗಾರನಿಗೆ ದೋಣಿಯ ಮೇಲಿಂದ ಗಾಳಿ ಒದಗಿಸುವ ಕೊಳವೆಯನ್ನು ನೆನೆಯಿರಿ. ಅವನಿಗೆ ನೀರಿನೊಳಗೆ ಗಾಳಿ ಬೇಕು, ಇದಕ್ಕೆ ಗಾಳಿಯೊಳಗೆ ನೀರು ಬೇಕು. ಮರ ತಿನ್ನುವ ಹುಳ ಎಂದು ನಾವು ಹೆದರುವ ಈ ಜೀವಿಯ ದಿನದ ಮೊದಲ ಚಿಂತೆ ನೀರಿನದು.

ಈ ನಂಟನ್ನು ನಮ್ಮ ಹಿಂದಿನವರು ಗಮನಿಸಿದ್ದರು. 6ನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅಂತರ್ಜಲ ಹುಡುಕುವ ಗುರುತುಗಳನ್ನು ಹೇಳುವಾಗ ಯಾವ ಮರದ ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಸಿಗುತ್ತದೆಂದು ಲೆಕ್ಕ ಕೊಡುತ್ತಾನೆ. ಆ ಲೆಕ್ಕವನ್ನು ನಂಬಿ ಬಾವಿ ತೋಡಿಸಬೇಕೆಂದು ನಾನು ಹೇಳುವುದಿಲ್ಲ, ಆದರೆ ಹುತ್ತವನ್ನೂ ತೇವವನ್ನೂ ಜೊತೆಗಿಟ್ಟು ನೋಡಿದ ಕಣ್ಣು ಚುರುಕಾದದ್ದು. ಅಂಥ ನೋಟ ಬಿಟ್ಟುಹೋಗಿ, ಮನೆಯ ಮೂಲೆಯಲ್ಲಿ ಎದ್ದ ಹುತ್ತಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೇಲಿನ ಜಂತಿ ಟೊಳ್ಳಾಗುವವರೆಗೂ ಅದನ್ನು ಬೆಳೆಯಲು ಬಿಡುವುದನ್ನು ಕಂಡಾಗ ಕಳವಳವಾಗುತ್ತದೆ. ಪೂಜೆ ಮಾಡುವವರಿಗೆ ಬಯಲಿನ ಹುತ್ತವಿದೆ.

ಸೀಮೆಎಣ್ಣೆ ಏಕೆ ಸೋಲುತ್ತದೆ ಎಂಬುದಕ್ಕೆ ಉತ್ತರ ಹುತ್ತದ ಒಳಗಿದೆ. ನಮ್ಮ ಸೀಮೆಯಲ್ಲಿ ಹೇರಳವಾಗಿರುವ ಒಡೊಂಟೊಟರ್ಮಿಸ್ ಜಾತಿಯ ಗೆದ್ದಲುಗಳು ಅಗಿದ ಮರವನ್ನು ನೆಲದಡಿಯ ಗೂಡಿಗೆ ಸಾಗಿಸಿ, ಅದರಿಂದ ಸ್ಪಂಜಿನಂಥ ತಟ್ಟೆಗಳನ್ನು ಕಟ್ಟಿ, ಅವುಗಳ ಮೇಲೆ ಶಿಲೀಂಧ್ರ ಬೆಳೆದು ಉಣ್ಣುತ್ತವೆ. ಮಳೆಗಾಲದಲ್ಲಿ ಮಲೆನಾಡಿನವರು ಹುಡುಕಿಕೊಂಡು ಹೋಗುವ ಹುತ್ತದ ಅಣಬೆ ಈ ತೋಟದ್ದೇ ಫಸಲು. ತಮಿಳುನಾಡಿನ ತರಂಗಂಬಾಡಿಯ ಡೇನಿಶ್ ನೆಲೆಗೆ ವೈದ್ಯನಾಗಿ ಬಂದಿದ್ದ, ಸಸ್ಯವಿಜ್ಞಾನಿ ಲಿನ್ನೇಯಸ್‌ನ ಶಿಷ್ಯ ಕ್ಯೋನಿಗ್ 1779ರಲ್ಲೇ ಈ ಶಿಲೀಂಧ್ರದ ಬಗ್ಗೆ ಬರೆದಿದ್ದ. ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆಯಿಡುವ ರಾಣಿಯೂ ಆ ಗೂಡಿನಲ್ಲೇ ಇರುತ್ತಾಳೆ. ನಿಮ್ಮ ಬಾಗಿಲಿಗೆ ಬಂದವು ಕೂಲಿಗೆ ಬಂದ ಆಳುಗಳು ಮಾತ್ರ; ಅವುಗಳ ಮೇಲೆ ಎಣ್ಣೆ ಸುರಿದರೆ ನಾಳೆ ಬೇರೆ ಆಳುಗಳು ಬೇರೆ ದಾರಿಯಿಂದ ಬರುತ್ತವೆ.

ಹಾಗಾದರೆ ಹುಡುಕುವುದು ಹೇಗೆ? ನೀರಿರುವ ಕಡೆಯಿಂದ ಆರಂಭಿಸಬೇಕು: ಸಿಂಕಿನ ಕೆಳಗೆ, ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟ ಬೀರುವಿನ ಹಿಂದೆ, ಚೌಕಟ್ಟು ನೆಲ ಮುಟ್ಟುವ ಮೂಲೆಯಲ್ಲಿ. ಮಣ್ಣಿನ ಗೆರೆ ಕಂಡರೆ ಪೂರ್ತಿ ಒರೆಸಿಹಾಕುವ ಆತುರ ಬೇಡ. ನಡುವೆ ಒಂದಂಗುಲ ಮಾತ್ರ ಮುರಿದು, ಪಕ್ಕದಲ್ಲಿ ದಿನಾಂಕ ಬರೆದಿಡಿ. ಎರಡು ಮೂರು ದಿನಗಳಲ್ಲಿ ಅಲ್ಲಿ ಕಪ್ಪನೆಯ ಹಸಿಮಣ್ಣಿನ ತೇಪೆ ಕಂಡರೆ ದಾರಿ ಜೀವಂತವಾಗಿದೆ ಎಂದರ್ಥ. ಕಾಣದಿದ್ದರೂ ಅವು ಹೋದವೆಂದು ತೀರ್ಮಾನಿಸಬಾರದು. ಸ್ಕ್ರೂಡ್ರೈವರಿನ ಹಿಡಿಯಿಂದ ಮರವನ್ನು ತಟ್ಟಿ ಕಿವಿಗೊಟ್ಟರೆ ಕೆಲವೊಮ್ಮೆ ಒಣ ಎಲೆ ಅಲುಗಿದಂಥ ಸದ್ದು ಕೇಳುತ್ತದೆ: ಸೈನಿಕ ಗೆದ್ದಲುಗಳು ತಲೆಯನ್ನು ಬಡಿದು ಅಪಾಯ ಸಾರುತ್ತಿರುತ್ತವೆ. ಮೊದಲ ಮಳೆಯ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ಮಳೆಹುಳಗಳು, ಅಂದರೆ ರೆಕ್ಕೆ ಬಂದ ಗೆದ್ದಲುಗಳು, ಕಿಟಕಿಯಿಂದ ಬಂದಿದ್ದರೆ ಚಿಂತೆಯಿಲ್ಲ, ನೆಲದ ಬಿರುಕಿನಿಂದಲೇ ಎದ್ದಿದ್ದರೆ ಗೂಡು ಹತ್ತಿರದಲ್ಲಿದೆ. ಮಣ್ಣಿಲ್ಲದೆ ಮರದೊಳಗೇ ಬದುಕುವ, ಗಸಗಸೆಯಂಥ ಆರು ಮೂಲೆಯ ಹಿಕ್ಕೆ ಉದುರಿಸುವ ಒಣಮರದ ಗೆದ್ದಲೂ ಕರಾವಳಿಯ ಕಡೆ ಕಾಣುತ್ತದೆ. ಅದರ ಚಿಕಿತ್ಸೆ ಬೇರೆ.

ಮನೆ ಕಟ್ಟುವಾಗಲೇ ಮಾಡುವ ಕೆಲಸ ಅಗ್ಗದ್ದು. ಪಾಯ ತುಂಬುವಾಗ ಸೆಂಟ್ರಿಂಗ್ ಹಲಗೆಯ ತುಂಡುಗಳನ್ನು ಮಣ್ಣಿನಲ್ಲೇ ಬಿಟ್ಟು ಮುಚ್ಚುವುದು ಗೆದ್ದಲಿಗೆ ಎಲೆ ಹಾಕಿ ಬಡಿಸಿದಂತೆ. ಭಾರತೀಯ ಮಾನಕ 6313ರ ಪ್ರಕಾರ ನೆಲಗಟ್ಟಿನ ಮಣ್ಣಿಗೆ ಚದರ ಮೀಟರಿಗೆ 5 ಲೀಟರ್ ಔಷಧಿ ದ್ರಾವಣ ಹಾಕಬೇಕು. ಕಟ್ಟಿದ ಮನೆಯಾದರೆ ಗೋಡೆ ಮತ್ತು ನೆಲ ಸೇರುವಲ್ಲಿ 300 ಮಿಲಿಮೀಟರಿಗೊಂದು ರಂಧ್ರ ಕೊರೆದು, ಒಂದೊಂದಕ್ಕೂ ಒಂದು ಲೀಟರಿನವರೆಗೆ ಇಳಿಸಬೇಕು. ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ತಕ್ಷಣ ಕೊಲ್ಲುವುದಿಲ್ಲವೆಂದು ಗೊಣಗುವವರಿದ್ದಾರೆ, ಆದರೆ ಆ ನಿಧಾನವೇ ಅದರ ಬಲ: ಗೆದ್ದಲುಗಳು ಒಂದರ ಮೈಯನ್ನು ಇನ್ನೊಂದು ನೆಕ್ಕುತ್ತವೆ, ಬಾಯಿಂದ ಬಾಯಿಗೆ ಉಣಿಸುತ್ತವೆ, ಹಾಗಾಗಿ ವಿಷ ಸೋಕಿದ್ದು ಸಾಯುವ ಮೊದಲು ಗೂಡಿಗೆ ಹಂಚಿಬರುತ್ತದೆ. ಈ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಬೇಕು, ಬಾವಿಯ ಹತ್ತಿರವಂತೂ ಮಾಡಿಸಲೇಬಾರದು. ಮರದ ವಿಷಯದಲ್ಲಿ, ತೇಗವೆಂಬ ಹೆಸರಿಗೆ ಮರುಳಾಗಬೇಡಿ: ಗೆದ್ದಲಿಗೆ ಒಗ್ಗದ ಟೆಕ್ಟೋಕ್ವಿನೋನ್ ಇರುವುದು ಒಳಗಿನ ಕೆಚ್ಚಿನಲ್ಲಿ, ಹೊರಗಿನ ಬಿಳಿಯ ಭಾಗವನ್ನು ಅವು ಹಲಸಿನ ಹಪ್ಪಳದಂತೆ ತಿನ್ನುತ್ತವೆ.

ನಮ್ಮ ಮನೆಯ ಒದ್ದೆಯ ಮೂಲ ಕೊನೆಗೂ ಸಿಕ್ಕಿತು. ಕೈತೊಳೆಯುವ ಬೇಸಿನ್ನಿನ ನೀರು ಹೋಗುವ ಪೈಪಿನ ಜೋಡಣೆ ಗೋಡೆಯೊಳಗೆ ಸಡಿಲವಾಗಿ, ಎಷ್ಟು ಕಾಲದಿಂದಲೋ ಹನಿಯುತ್ತಿತ್ತು. ಪೈಪು ಬದಲಾಯಿತು, ರಂಧ್ರಗಳನ್ನು ಕೊರೆದು ಔಷಧಿ ಇಳಿಸಿದ್ದಾಯಿತು, ಚೌಕಟ್ಟಿನ ಕೆಳಗಿನ ಒಂದೂವರೆ ಅಡಿ ತೆಗೆದು ಕೆಚ್ಚಿನ ತುಂಡು ಜೋಡಿಸಿದೆವು. ಬೀರುವಿನ ಹಿಂದೆ ನಾನು ಮುರಿದಿಟ್ಟ ಒಂದಂಗುಲದ ಪಕ್ಕದಲ್ಲಿ ಮೇ 19 ಎಂಬ ಬರಹ ಈಗಲೂ ಇದೆ. ಮಳೆಗಾಲ ಮುಗಿಯುತ್ತ ಬಂದರೂ ಆ ಸಂದು ತೆರೆದೇ ಇದೆ, ಬೆರಳು ಸೋಕಿದರೆ ಅಂಚಿನ ಮಣ್ಣು ಪುಡಿಯಾಗಿ ಉದುರುತ್ತದೆ.