ಗಡ್ಡೆಯೊಳಗಿನ ಪಲ್ಪರ್ ನೀರು

ಡಿಸೆಂಬರ್, ಜನವರಿ ತಿಂಗಳಲ್ಲಿ ಕೊಡಗಿನ ಗಾಳಿಯಲ್ಲಿ ಒಂದು ಹುಳಿ ವಾಸನೆ ಸೇರಿಕೊಂಡಿರುತ್ತದೆ. ಕೊಯ್ದ ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜಕ್ಕೆ ಅಂಟಿದ ಲೋಳೆ ಕಳಚಲೆಂದು ತೊಟ್ಟಿಯಲ್ಲಿ ಹುದುಗಲು ಬಿಟ್ಟು, ಆಮೇಲೆ ತೊಳೆದ ನೀರಿನ ವಾಸನೆ ಅದು. ಲೋಳೆಯಲ್ಲಿದ್ದ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ತಿಂದು ಆಮ್ಲವಾಗಿ ಉಗುಳಿರುತ್ತವೆ. ಈ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಹದಮಾಡಬೇಕು. ಹಾಗೆ ಮಾಡದೆ ಯಾರಾದರೂ ರಾತ್ರೋರಾತ್ರಿ ತೋಡಿಗೆ ಬಿಟ್ಟರೆ, ಬೆಳಿಗ್ಗೆ ಕೆಳಗಿನ ತೋಟದವರಿಗೆ ಮೀನುಗಳೇ ಸುದ್ದಿ ಮುಟ್ಟಿಸುತ್ತವೆ, ಹೊಟ್ಟೆ ಮೇಲಾಗಿ ತೇಲಿ. ಮೇಲಿನವರಿಗೆ ಮೀನಿನ ಮೇಲೆ ಯಾವ ಹಗೆಯೂ ಇರಲಿಲ್ಲ; ಅವರು ಕಾಫಿ ತೊಳೆದರು, ಅಷ್ಟೆ.

ಕ್ಯಾನ್ಸರ್ ಗಡ್ಡೆಯ ಊಟದ ಬಗ್ಗೆ ಓದುವಾಗಲೆಲ್ಲ ನನಗೆ ಈ ತೋಡು ನೆನಪಾಗುತ್ತದೆ.

ಕಳೆದ ವರ್ಷ ಪಕ್ಕದ ತೋಟದ ಹಿರಿಯರೊಬ್ಬರನ್ನು ಪೆಟ್ ಸ್ಕ್ಯಾನ್‌ಗೆಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಚಿಕ್ಕಂದಿನಿಂದ ನಾನು ಮಾವ ಎಂದೇ ಕರೆಯುವವರು. ಹಿಂದಿನ ದಿನ ಮೈಮುರಿದು ದುಡಿಯಬಾರದು, ಬೆಳಿಗ್ಗೆ ನೀರು ಬಿಟ್ಟು ಬೇರೇನೂ ಕುಡಿಯಬಾರದು ಎಂದು ಮೊದಲೇ ಹೇಳಿದ್ದರು. ಕಾಫಿಯಿಲ್ಲದ ಬೆಳಗನ್ನು ಮಾವ ತಮ್ಮ ಜೀವಮಾನದಲ್ಲಿ ಕಂಡವರಲ್ಲ. ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡೇ ಕುಳಿತಿದ್ದರು. ಅಲ್ಲಿ ಕೈಗೆ ಸೂಜಿ ಚುಚ್ಚಿದಾಗ ಇದೇನು ಔಷಧಿ ಎಂದು ಕೇಳಿದರು. ಒಂದು ಥರದ ಸಕ್ಕರೆ ಎಂಬ ಉತ್ತರ ಬಂತು. ‘ಬಾಯಿಗೆ ಬೇಡ ಎಂದವರು ನರಕ್ಕೇ ಹಾಕುತ್ತಿದ್ದಾರಲ್ಲ’ ಎಂದು ನನ್ನ ಕಡೆ ತಿರುಗಿದರು.

ಅದು ನಿಜಕ್ಕೂ ಸಕ್ಕರೆಯೇ. ಗ್ಲೂಕೋಸ್‌ನ ರಚನೆಯಲ್ಲಿ ಚೂರು ಬದಲಾವಣೆ ಮಾಡಿ, ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಅನ್ನು ಜೋಡಿಸಿರುತ್ತಾರೆ. ಸುಮಾರು 110 ನಿಮಿಷಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಜೀವಕೋಶ ಇದನ್ನು ಗ್ಲೂಕೋಸ್ ಎಂದೇ ನಂಬಿ ಒಳಗೆ ಎಳೆದುಕೊಳ್ಳುತ್ತದೆ, ಆದರೆ ಪೂರ್ತಿ ಅರಗಿಸಲಾರದು. ಹೀಗೆ ಸಕ್ಕರೆ ಒಳಗೇ ಸಿಕ್ಕಿಕೊಂಡು, ಹೆಚ್ಚು ತಿನ್ನುವ ಜಾಗ ಪರದೆಯ ಮೇಲೆ ಬೆಳಗುತ್ತದೆ. ಮಿದುಳು ಬೆಳಗುತ್ತದೆ, ಹಿಂದಿನ ದಿನ ದುಡಿದ ಸ್ನಾಯು ಬೆಳಗುತ್ತದೆ, ಅನೇಕ ಬಗೆಯ ಗಡ್ಡೆಗಳೂ ಬೆಳಗುತ್ತವೆ.

ಗಡ್ಡೆಯ ಈ ಸಕ್ಕರೆ ಚಪಲವನ್ನು ಮೊದಲು ಅಳೆದವರು ಜರ್ಮನಿಯ ಒಟ್ಟೊ ವಾರ್ಬರ್ಗ್, 1920ರ ದಶಕದಲ್ಲಿ. ಉಸಿರಾಟದ ಕಿಣ್ವದ ಕುರಿತ ಕೆಲಸಕ್ಕೆ 1931ರಲ್ಲಿ ನೊಬೆಲ್ ಪಡೆದವರು ಅವರೇ. ಆಮ್ಲಜನಕ ಬೇಕಾದಷ್ಟಿದ್ದರೂ ಗಡ್ಡೆಯ ಚೂರುಗಳು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುವುದನ್ನು ಅವರು ಕಂಡರು. ಇದು ಶುದ್ಧ ದುಂದು. ಆಮ್ಲಜನಕ ಬಳಸಿ ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಸಿಗುತ್ತದೆ. ಹೀಗೆ ಹುಳಿ ಬರಿಸಿದರೆ ಸಿಗುವುದು ಎರಡೇ. ಎಟಿಪಿ ಎಂದರೆ ಕೋಶದೊಳಗೆ ಚಲಾವಣೆಯಲ್ಲಿರುವ ಶಕ್ತಿಯ ನಾಣ್ಯ. ಕ್ಯಾನ್ಸರ್ ಕೋಶದ ಮೈಟೊಕಾಂಡ್ರಿಯಾ, ಅಂದರೆ ಆಮ್ಲಜನಕ ಬಳಸಿ ಉರಿಸುವ ಒಲೆ, ಕೆಟ್ಟಿರುವುದರಿಂದಲೇ ಹೀಗೆ ಎಂದು ವಾರ್ಬರ್ಗ್ ಕೊನೆಯವರೆಗೂ ವಾದಿಸಿದರು. ಹೆಚ್ಚಿನ ಗಡ್ಡೆಗಳ ಮಟ್ಟಿಗೆ ಆ ವಾದ ತಪ್ಪು. ಎಡೆಬಿಡದೆ ಎರಡಾಗುತ್ತಿರುವ ಕೋಶಕ್ಕೆ ಶಕ್ತಿ ಮಾತ್ರ ಸಾಲದು, ಹೊಸ ಕೋಶ ಕಟ್ಟಲು ಸಾಮಾನೂ ಬೇಕು. ಪೂರ್ತಿ ಉರಿಸಿದರೆ ಕೈಯಲ್ಲಿ ಉಳಿಯುವುದು ಬೂದಿ. ಅರ್ಧ ಒಡೆದರೆ ಡಿಎನ್‌ಎಗೂ ಕೊಬ್ಬಿಗೂ ಬೇಕಾದ ತುಂಡುಗಳು ನಡುದಾರಿಯಲ್ಲೇ ಸಿಗುತ್ತವೆ.

ಪೇಚಿನ ಸಂಗತಿಯೆಂದರೆ, ಗಡ್ಡೆಯನ್ನು ಕೊಲ್ಲಬೇಕಾದ ಟಿ ಕೋಶದ, ಅಂದರೆ ನಮ್ಮ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣದ ಊಟವೂ ಇದೇ. ಸುಮ್ಮನಿರುವ ಟಿ ಕೋಶ ಮಿತಾಹಾರಿ. ಶತ್ರುವಿನ ಗುರುತು ಸಿಕ್ಕಿ ಕೆರಳಿತೋ, ಅದೂ ವಾರ್ಬರ್ಗ್ ಕಂಡ ರೀತಿಯಲ್ಲೇ ಗ್ಲೂಕೋಸ್ ಮುಕ್ಕಲು ತೊಡಗುತ್ತದೆ, ಏಕೆಂದರೆ ಅದೂ ದಿನಕ್ಕೆ ಹಲವು ಸಲ ಎರಡಾಗಬೇಕು. ಹಾಗಾದರೆ ಕಳ್ಳನಿಗೂ ಕಾವಲುಗಾರನಿಗೂ ಒಂದೇ ತಟ್ಟೆ. 2015ರಲ್ಲಿ ಬಂದ ಎರಡು ಅಧ್ಯಯನಗಳು ಇದನ್ನೇ ಎತ್ತಿ ತೋರಿಸಿದವು: ಗ್ಲೂಕೋಸ್ ಸಾಲದಾದಾಗ ಟಿ ಕೋಶಗಳು ಸಾಯುವುದಿಲ್ಲ, ಆದರೆ ಅವುಗಳ ಮುಖ್ಯ ಆಯುಧಗಳಲ್ಲೊಂದಾದ ಇಂಟರ್‌ಫೆರಾನ್-ಗ್ಯಾಮಾ ತಯಾರಿಕೆ ಕುಸಿಯುತ್ತದೆ.

ಕಥೆ ಅಲ್ಲಿಗೇ ಮುಗಿಯಿತು ಎಂದುಕೊಂಡವರಿಗೆ 2021ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಪೆಟ್ಟು ಕೊಟ್ಟರು. ಇಲಿಗಳ ಗಡ್ಡೆಯಲ್ಲಿ ಯಾವ ಕೋಶ ಎಷ್ಟು ತಿನ್ನುತ್ತದೆ ಎಂದು ಬಿಡಿಬಿಡಿಯಾಗಿ ಅಳೆದಾಗ, ತಲಾ ಲೆಕ್ಕದಲ್ಲಿ ಅತಿ ಹೆಚ್ಚು ಗ್ಲೂಕೋಸ್ ಎಳೆದದ್ದು ಕ್ಯಾನ್ಸರ್ ಕೋಶವಲ್ಲ, ಮ್ಯಾಕ್ರೊಫೇಜ್‌ಗಳಂಥ ಮೈಲಾಯ್ಡ್ ಕೋಶಗಳು, ಅಂದರೆ ರೋಗನಿರೋಧಕ ವ್ಯವಸ್ಥೆಯದೇ ಇನ್ನೊಂದು ಬಗೆಯ ಕೋಶಗಳು. ಕ್ಯಾನ್ಸರ್ ಕೋಶಗಳು ಮುಂದಿದ್ದದ್ದು ಗ್ಲುಟಮಿನ್ ಎಂಬ ಅಮೈನೊ ಆಮ್ಲ ಹೀರುವುದರಲ್ಲಿ. ತಟ್ಟೆ ಕಸಿಯುವ ಕಥೆ ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಗಡ್ಡೆಯ ಹೊಟ್ಟೆಬಾಕತನಕ್ಕಿಂತ ಅದು ಹೊರಗೆ ಚೆಲ್ಲುವ ಕಸವೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನಿಸಿಕೆ.

ನಮ್ಮ ರಕ್ತದ ಪಿಎಚ್ 7.4ರ ಆಸುಪಾಸಿನಲ್ಲಿರುತ್ತದೆ. ಗಡ್ಡೆಯ ಕೋಶಗಳ ನಡುವಿನ ದ್ರವ ಕೆಲವೆಡೆ 6.5ರವರೆಗೂ ಇಳಿದಿರುತ್ತದೆ. ಅಂಕಿ ಸಣ್ಣದೆನಿಸಬಹುದು, ಪಿಎಚ್ ಲೆಕ್ಕದಲ್ಲಿ ಇದು ಸುಮಾರು ಎಂಟು ಪಟ್ಟು ಹೆಚ್ಚು ಆಮ್ಲೀಯ. ಕೆರಳಿದ ಟಿ ಕೋಶವೂ ತನ್ನ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕಲೇಬೇಕಲ್ಲ? ಹೊರಗೆ ಅದೇ ತುಂಬಿಕೊಂಡಿದ್ದರೆ ಹಾಕುವುದೆಲ್ಲಿಗೆ? ಮುಂದೆ ಚರಂಡಿ ಕಟ್ಟಿಕೊಂಡರೆ ನಮ್ಮ ಬಚ್ಚಲಿನ ನೀರು ನಮ್ಮ ಮನೆಗೇ ಮರಳುವಂತೆ ಆಮ್ಲ ಒಳಗೇ ಉಳಿದು, ಕೋಶದ ಸಕ್ಕರೆ ಒಡೆಯುವ ಕೆಲಸವೇ ನಿಂತುಹೋಗುತ್ತದೆ. ಅದೇ ಹೊತ್ತಿಗೆ ಆ ಹುಳಿ ನೀರಿನಲ್ಲೇ ಹಾಯಾಗಿ ಬದುಕುವವರೂ ಇದ್ದಾರೆ. ರೋಗನಿರೋಧಕ ವ್ಯವಸ್ಥೆ ಅತಿಯಾಗದಂತೆ ತಡೆಯುವ ನಿಯಂತ್ರಕ ಟಿ ಕೋಶಗಳು ಆ ಆಮ್ಲದ ಇನ್ನೊಂದು ರೂಪವಾದ ಲ್ಯಾಕ್ಟೇಟನ್ನೇ ಆಹಾರವಾಗಿ ಬಳಸಬಲ್ಲವು. ಮ್ಯಾಕ್ರೊಫೇಜ್‌ಗಳು ಅದರ ಪ್ರಭಾವಕ್ಕೆ ಸಿಕ್ಕಿ, ಹೋರಾಡುವ ಬದಲು ಗಾಯ ಮಾಯಿಸುವ ಕೆಲಸಕ್ಕೆ ಇಳಿಯುತ್ತವೆ. ಗಡ್ಡೆಗೆ ಬೇಕಾದದ್ದೂ ಅದೇ. ಇಲ್ಲೂ ಒಂದು ತೊಡಕಿದೆ: ಆಮ್ಲದ ಗುಣ ತೆಗೆದು ಲ್ಯಾಕ್ಟೇಟನ್ನು ಮಾತ್ರ ಕೊಟ್ಟ ಇಲಿ ಪ್ರಯೋಗದಲ್ಲಿ ಟಿ ಕೋಶಗಳಿಗೆ ಒಳ್ಳೆಯದೇ ಆಗಿದ್ದುಂಟು.

ಹೊಂಡಕ್ಕೆ ಸುಣ್ಣ ಹಾಕಿದಂತೆ ಇಲ್ಲೂ ಏನಾದರೂ ಹಾಕಬಹುದೇ? ಇಲಿಗಳಿಗೆ ಸೋಡಾ ಬೆರೆಸಿದ ನೀರು ಕುಡಿಸಿ ನೋಡಿದ್ದಾರೆ, ನಮ್ಮ ಅಡುಗೆ ಸೋಡಾವನ್ನೇ. ಗಡ್ಡೆಯ ಹುಳಿ ತಗ್ಗಿ, ರೋಗನಿರೋಧಕ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿತು. ಮನುಷ್ಯ ಅಷ್ಟು ಸೋಡಾವನ್ನು ದಿನವೂ ಕುಡಿದು ತಾಳಿಕೊಳ್ಳುವುದು ಬಲು ಕಷ್ಟ. ಇದನ್ನೇ ಹಿಡಿದುಕೊಂಡು ‘ಕ್ಷಾರೀಯ ಆಹಾರ’ ಮಾರುವವರ ಮಾತಿಗೆ ಮರುಳಾಗಬೇಡಿ. ಊಟದಿಂದ ರಕ್ತದ ಪಿಎಚ್ ಅಲುಗಾಡದಂತೆ ಶ್ವಾಸಕೋಶವೂ ಮೂತ್ರಪಿಂಡವೂ ನೋಡಿಕೊಳ್ಳುತ್ತವೆ.

ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಒಡೆದು ಟಿ ಕೋಶಗಳನ್ನು ತಣ್ಣಗಾಗಿಸುವ ದಾರಿಯೂ ಒಂದಿದೆ. ಹಾಗೆ ಒಡೆಯುವ ಕಿಣ್ವವನ್ನು ತಡೆಯುವ ಎಪಕಾಡೊಸ್ಟಾಟ್ ಎಂಬ ಔಷಧಿ 2018ರಲ್ಲಿ ಚರ್ಮದ ಕ್ಯಾನ್ಸರ್‌ನ ದೊಡ್ಡ ಪ್ರಯೋಗದಲ್ಲಿ ಸೋತಿತು. ಅದನ್ನು ಅಲ್ಲಿಗೇ ಬಿಡುತ್ತೇನೆ, ಏಕೆಂದರೆ ಕೊಡಗಿನವರು ಕಿವಿ ನಿಮಿರಿಸಬೇಕಾದ ಕಸ ಬೇರೆಯೇ ಇದೆ.

ಎಟಿಪಿ ಇರಬೇಕಾದದ್ದು ಕೋಶದ ಒಳಗೆ. ಕೋಶ ಒಡೆದು ಅದು ಹೊರಗೆ ಚೆಲ್ಲಿದರೆ ರೋಗನಿರೋಧಕ ವ್ಯವಸ್ಥೆಗೆ ಅಪಾಯದ ಗಂಟೆ ಬಾರಿಸಿದಂತೆ. ಗಡ್ಡೆಯಲ್ಲಿ ಕೋಶಗಳು ಸಾಯುತ್ತಲೇ ಇರುವುದರಿಂದ ಈ ಗಂಟೆ ಬಾರಿಸುತ್ತಲೇ ಇರಬೇಕಿತ್ತು. ಆದರೆ ಅಲ್ಲಿನ ಕೋಶಗಳ ಮೈಮೇಲೆ ಸಿಡಿ39, ಸಿಡಿ73 ಎಂಬ ಎರಡು ಕಿಣ್ವಗಳಿವೆ. ಮೊದಲನೆಯದು ಎಟಿಪಿಯ ಎರಡು ಫಾಸ್ಫೇಟ್‌ಗಳನ್ನು ಕತ್ತರಿಸುತ್ತದೆ, ಎರಡನೆಯದು ಉಳಿದೊಂದನ್ನು. ಕೊನೆಗೆ ಉಳಿಯುವುದು ಅಡೆನೊಸಿನ್. ಅದು ಟಿ ಕೋಶದ ಮೇಲಿನ ಎ2ಎ ಎಂಬ ಗ್ರಾಹಕಕ್ಕೆ, ಅಂದರೆ ಹೊರಗಿನ ಸಂದೇಶ ಹಿಡಿಯುವ ಅಣುವಿಗೆ, ಹೋಗಿ ಕೂತರೆ ಟಿ ಕೋಶ ಕೈಚೆಲ್ಲುತ್ತದೆ. ಗಂಟೆಯನ್ನೇ ಕರಗಿಸಿ ಜೋಗುಳ ಮಾಡಿದ ಹಾಗೆ. ಮೂಲದಲ್ಲಿ ಇದು ಉರಿಯೂತ ಮಿತಿಮೀರಿ ಸ್ವಂತ ಅಂಗವೇ ಸುಡದಂತೆ ಕಾಯುವ ಏರ್ಪಾಡು. 2001ರಲ್ಲಿ ವಿಜ್ಞಾನಿಗಳಾದ ಒಹ್ತಾ ಮತ್ತು ಸಿಟ್ಕೋವ್‌ಸ್ಕಿ ತೋರಿಸಿದಂತೆ, ಎ2ಎ ಇಲ್ಲದ ಇಲಿಗಳಲ್ಲಿ ಸಣ್ಣ ಉರಿಯೂತವೂ ಯಕೃತ್ತನ್ನು ಹಾಳುಗೆಡವಿತು. 2006ರಲ್ಲಿ ಅದೇ ತಂಡ ಇನ್ನೊಂದು ಮಗ್ಗುಲು ಕಂಡಿತು: ಅಂಥ ಇಲಿಗಳಲ್ಲಿ ಅನೇಕವು ಗಡ್ಡೆಯನ್ನೇ ತಳ್ಳಿಹಾಕಿದವು.

ದಿನವಿಡೀ ಎಚ್ಚರವಿದ್ದಾಗ ನಮ್ಮ ಮಿದುಳಿನಲ್ಲಿ ಶೇಖರವಾಗಿ ಕಣ್ಣು ಎಳೆಯುವಂತೆ ಮಾಡುವುದೂ ಇದೇ ಅಡೆನೊಸಿನ್. ಆ ಎ2ಎ ಗ್ರಾಹಕದ ಮೇಲೆ ಮೊದಲೇ ಹೋಗಿ ಕೂತು, ಅಡೆನೊಸಿನ್‌ಗೆ ಜಾಗ ಕೊಡದೆ ನಮ್ಮನ್ನು ಎಚ್ಚರವಾಗಿಡುವುದು ಕೆಫೀನ್.

ಇದನ್ನು ಹೇಳಿದಾಗ ಮಾವನ ಮುಖ ಅರಳಿತು. ‘ಹಾಗಾದರೆ ಕಾಫಿ ಕುಡಿದರೆ ಆ ಟಿ ಕೋಶಕ್ಕೂ ಎಚ್ಚರವಾಗುತ್ತದೆ ಅನ್ನು.’ ಇಲ್ಲ ಎನ್ನಬೇಕಾಯಿತು. ಕೆಫೀನ್‌ನ ಹಿಡಿತ ಸಡಿಲ. ಅಡೆನೊಸಿನ್ ದಟ್ಟವಾಗಿರುವ ಗಡ್ಡೆಯಲ್ಲಿ ಒಂದೆರಡು ಲೋಟ ಕಾಫಿಯಿಂದ ಬಂದ ಕೆಫೀನ್ ತನ್ನ ಜಾಗ ಉಳಿಸಿಕೊಳ್ಳಲಾರದು. ಅದಕ್ಕೇ ಔಷಧಿ ತಯಾರಕರು ಅದೇ ಗ್ರಾಹಕವನ್ನು ಇನ್ನೂ ಬಿಗಿಯಾಗಿ ಹಿಡಿಯುವ ಅಣುಗಳನ್ನು ಹುಡುಕಿದ್ದಾರೆ. ಅಂಥದ್ದೊಂದು, ಇಸ್ಟ್ರಡೆಫಿಲಿನ್, ಪಾರ್ಕಿನ್ಸನ್ ಕಾಯಿಲೆಗೆ ಜಪಾನಿನಲ್ಲಿ 2013ರಿಂದಲೂ ಅಮೆರಿಕದಲ್ಲಿ 2019ರಿಂದಲೂ ಬಳಕೆಯಲ್ಲಿದೆ. ಕ್ಯಾನ್ಸರ್‌ಗೆಂದು ಮಾಡಿದ ಎ2ಎ ತಡೆಗಳೂ ಸಿಡಿ73 ತಡೆಗಳೂ ರೋಗಿಗಳ ಮೇಲಿನ ಪ್ರಯೋಗದವರೆಗೆ ಬಂದಿವೆ. ಸಾಮಾನ್ಯ ಚಿಕಿತ್ಸೆಯಾಗಿ ಇನ್ನೂ ನೆಲೆಯೂರಿಲ್ಲ.

‘ರೋಬಸ್ಟಾದಲ್ಲಿ ಕೆಫೀನ್ ಎರಡು ಪಾಲು ಇರುತ್ತದಲ್ಲ’ ಎಂದು ಮಾವ ಇನ್ನೊಂದು ಸಲ ಚೌಕಾಸಿಗೆ ಬಂದರು. ಅದೂ ಸಾಲದು ಎಂದೆ. ಲೋಟವನ್ನೇನೂ ಕೆಳಗಿಡಲಿಲ್ಲ.