ಫ್ರೀಬಿಎಸ್‌ಡಿಯಲ್ಲಿ ಲಿನಕ್ಸ್ ತಂತ್ರಾಂಶ: ‘ಪ್ರಾಕ್’ ಕಡತಗಳು ಹೇಗೆ ಹುಟ್ಟುತ್ತವೆ?

ಲಿನಕ್ಸ್‌ಗೆಂದು ಸಿದ್ಧವಾದ ತಂತ್ರಾಂಶವನ್ನು ಯುನಿಕ್ಸ್ ವಂಶದ ಮತ್ತೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಫ್ರೀಬಿಎಸ್‌ಡಿಯ ಸರ್ವರ್‌ನಲ್ಲಿ ಓಡಿಸಿದಾಗ ಅದು ಶುರುವಾಗಿ, ಕಾರಣ ಹೇಳದೆ ನಿಂತುಹೋಯಿತು ಎಂದು ಯಾರಾದರೂ ಬಂದರೆ ನಾನು ಮೊದಲು ನೋಡುವುದು /ಕಂಪ್ಯಾಟ್/ಲಿನಕ್ಸ್/ಪ್ರಾಕ್ ಮೌಂಟ್ ಆಗಿದೆಯೇ (ಕಡತವ್ಯವಸ್ಥೆಗೆ ಜೋಡಣೆಯಾಗಿದೆಯೇ) ಎಂಬುದನ್ನು. ಪ್ರಾಕ್ ಎಂದರೆ ಪ್ರೊಸೆಸ್‌ಗಳ, ಅಂದರೆ ಓಡುತ್ತಿರುವ ತಂತ್ರಾಂಶಗಳ, ಮಾಹಿತಿಯನ್ನು ಕಡತಗಳಂತೆ ತೋರಿಸುವ ಫೋಲ್ಡರ್. ಇತ್ತೀಚಿನ ಆವೃತ್ತಿಗಳಲ್ಲಿ ಲಿನಕ್ಸ್ ಸೇವೆಯನ್ನು ಚಾಲೂ ಮಾಡಿದರೆ ಅದು ತಾನಾಗಿಯೇ ಮೌಂಟ್ ಆಗುತ್ತದೆ. ಜೈಲ್‌ನ (ಒಂದೇ ಯಂತ್ರದೊಳಗೆ ಪ್ರತ್ಯೇಕಿಸಿಟ್ಟ ಪರಿಸರದ) ಒಳಗಿನಿಂದ ಮಾಡಬೇಕಾದರೆ ಪ್ರತ್ಯೇಕ ಅನುಮತಿ ಕೊಡಬೇಕು. ಅಲ್ಲೇ ಹಲವರು ಎಡವುವುದು.

ಪ್ರೊಸೆಸ್‌ಗಳನ್ನು ಕಡತಗಳಂತೆ ತೋರಿಸುವ ಆಲೋಚನೆ ಹಳೆಯದು. ಎಂಟನೇ ಆವೃತ್ತಿಯ ಯುನಿಕ್ಸ್‌ಗಾಗಿ ಟಾಮ್ ಕಿಲಿಯನ್ ಅದನ್ನು ರೂಪಿಸಿ, 1984ರಲ್ಲಿ ಪ್ರಬಂಧ ಬರೆದರು. ಲಿನಕ್ಸ್ ಅದನ್ನು ಬಹಳ ಬೆಳೆಸಿತು: ಮೆಮೊರಿ, ಸಿಪಿಯು, ಮೌಂಟ್‌ಗಳು, ಕರ್ನಲ್‌ನ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) ಆವೃತ್ತಿ ಎಲ್ಲವೂ ಅಲ್ಲಿ ಓದಬಹುದಾದ ಪಠ್ಯ. ಫ್ರೀಬಿಎಸ್‌ಡಿ ಬೇರೆ ದಾರಿ ಹಿಡಿಯಿತು. ಪ್ರೊಸೆಸ್‌ಗಳ ಪಟ್ಟಿ ಕೊಡುವ ಅದರ ‘ಪಿಎಸ್’ ಆಜ್ಞೆ ‘ಸಿಸ್ಕಂಟ್ರೋಲ್’ (sysctl) ಎಂಬ ಕರೆಯ ಮೂಲಕ ಕರ್ನಲ್ ಅನ್ನೇ ನೇರವಾಗಿ ಕೇಳುತ್ತದೆ. ಹಾಗಾಗಿ ಸಿಸ್ಟಮ್ ಕಾಲ್‌ಗಳನ್ನು (ತಂತ್ರಾಂಶ ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳನ್ನು) ಎಷ್ಟೇ ಚೆನ್ನಾಗಿ ಹೊಂದಿಸಿಕೊಟ್ಟರೂ ಲಿನಕ್ಸ್ ತಂತ್ರಾಂಶಕ್ಕೆ ಅಷ್ಟು ಸಾಲದು, ಪ್ರಾಕ್ ಕಡತಗಳೂ ಬೇಕು. ಅದಕ್ಕಾಗಿಯೇ ‘ಲಿನ್‌ಪ್ರಾಕ್‌ಎಫ್‌ಎಸ್’ ಇರುವುದು. ಡಿಸ್ಕ್ ಮೇಲೆ ಅದರ ಯಾವ ಕಡತವೂ ಇಲ್ಲ. ಓದಲು ತೆರೆದಾಗಲೆಲ್ಲ ಕರ್ನಲ್ ತನ್ನ ಅಂಕಿಗಳನ್ನು ಲಿನಕ್ಸ್ ಬರೆಯುವ ಕ್ರಮದಲ್ಲಿ ಬರೆದುಕೊಡುತ್ತದೆ.

ಈ ಕ್ರಮ ಎಷ್ಟು ಸೂಕ್ಷ್ಮ ಎನ್ನಲು ಪ್ರತಿ ಪ್ರೊಸೆಸ್‌ನ ‘ಸ್ಟ್ಯಾಟ್’ ಕಡತ ಸಾಕು. ಒಂದೇ ಸಾಲು, ಅದರಲ್ಲಿ ಹೆಸರಿಲ್ಲದ ಅಂಕಿಗಳ ಸರಣಿ. 14 ಮತ್ತು 15ನೇ ಸ್ಥಾನಗಳಲ್ಲಿ ಪ್ರೊಸೆಸ್ ಬಳಸಿದ ಸಿಪಿಯು ಸಮಯ ಇರುತ್ತದೆ. ಸಾಮಾನ್ಯ ಪಿಸಿಗಳಲ್ಲಿ ಲಿನಕ್ಸ್ ತಂತ್ರಾಂಶ ಅದನ್ನು ಸೆಕೆಂಡಿಗೆ 100 ಟಿಕ್ ಎಂದು ಓದುತ್ತದೆ. ಸಿಪಿಯು ಬಳಕೆ ಅಳೆಯುವ ಫ್ರೀಬಿಎಸ್‌ಡಿಯ ಅಂಕಿಅಂಶ ಗಡಿಯಾರ ಅದೇ ಯಂತ್ರಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 127 ಸಲ ಬಡಿಯುತ್ತದೆ. ಆ ಎಣಿಕೆಯನ್ನು ಹಾಗೇ ಕೊಟ್ಟರೆ 100 ಸೆಕೆಂಡಿನ ಕೆಲಸ 127 ಸೆಕೆಂಡ್ ಎಂದು ತೋರುತ್ತದೆ, ದೋಷಸಂದೇಶ ಮಾತ್ರ ಎಲ್ಲೂ ಬರುವುದಿಲ್ಲ. ಆದ್ದರಿಂದ ಬರೆಯುವ ಮೊದಲು ಅದನ್ನು 100ರ ಲೆಕ್ಕಕ್ಕೆ ಇಳಿಸಲೇಬೇಕು.

ಫ್ರೀಬಿಎಸ್‌ಡಿಯಲ್ಲಿ ಸಮಾನವಾದುದೇ ಇಲ್ಲದ ಅಂಕಿಗಳ ಗತಿ ಏನು? ‘ಸ್ಟ್ಯಾಟ್’ನಲ್ಲಿ ಸೊನ್ನೆ ಇಡದೆ ವಿಧಿಯಿಲ್ಲ, ಒಂದನ್ನು ಬಿಟ್ಟರೆ ಮುಂದಿನವೆಲ್ಲ ಸ್ಥಾನ ತಪ್ಪುತ್ತವೆ. ಮೆಮೊರಿಯ ಲೆಕ್ಕ ಕೊಡುವ ‘ಮೆಮ್‌ಇನ್ಫೊ’ ಕಡತದಲ್ಲಿ ಮಾತ್ರ ಪ್ರತಿ ಸಾಲಿಗೂ ಹೆಸರಿದೆ. ಅಲ್ಲಿ ಗೊತ್ತಿಲ್ಲದ ಸಾಲನ್ನು ಬಿಟ್ಟುಬಿಡುವುದೇ ಸರಿ ಎಂಬುದು ನನ್ನ ಖಚಿತ ನಿಲುವು. ಲಿನಕ್ಸ್‌ನಲ್ಲೇ ‘ಮೆಮ್‌ಅವೈಲಬಲ್’ (ಬಳಕೆಗೆ ಸಿಗುವ ಮೆಮೊರಿ) ಸಾಲು ಬಂದದ್ದು 2014ರ 3.14ನೇ ಆವೃತ್ತಿಯಲ್ಲಿ. ಹಳೆಯ ಕರ್ನಲ್‌ಗಳನ್ನೂ ಗಮನದಲ್ಲಿಟ್ಟುಕೊಂಡ ತಂತ್ರಾಂಶ, ಸಾಲು ಕಾಣದಿದ್ದರೆ ಉಳಿದ ಅಂಕಿಗಳಿಂದ ಅಂದಾಜು ಮಾಡಿಕೊಳ್ಳುತ್ತದೆ. ಕಲ್ಪಿತ ಅಂಕಿ ಕೊಟ್ಟರೆ ಡೇಟಾಬೇಸ್ ಒಂದು ಅದನ್ನೇ ನಂಬಿ ಕ್ಯಾಶ್ ಗಾತ್ರ ನಿಗದಿಪಡಿಸಬಹುದು, ಮೆಮೊರಿ ಬರಿದಾದಾಗ ಮೂಲ ಹುಡುಕುವುದು ಬಹಳ ಕಷ್ಟ.

ಮೈಕ್ರೋಸಾಫ್ಟ್ ಕೂಡ ವಿಂಡೋಸ್‌ನ ಲಿನಕ್ಸ್ ಉಪವ್ಯವಸ್ಥೆಯ ಮೊದಲ ರೂಪದಲ್ಲಿ ಇದೇ ಶ್ರಮ ಹಾಕಿತ್ತು. 2019ರಲ್ಲಿ ಪ್ರಕಟವಾದ ಎರಡನೇ ರೂಪ ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಓಡಿಸುತ್ತದೆ.

ನಿಮ್ಮ ತಂತ್ರಾಂಶ ಹೀಗೆ ನಿಂತರೆ ಸಿಸ್ಟಮ್ ಕಾಲ್‌ಗಳನ್ನು ದಾಖಲಿಸುವ ‘ಟ್ರಸ್’ ಉಪಕರಣದಡಿ ಓಡಿಸಿ, ಅದು ನಿಲ್ಲುವ ಮುನ್ನ ಪ್ರಾಕ್‌ನ ಯಾವ ಕಡತ ತೆರೆಯಲು ಹೋಗಿ ವಿಫಲವಾಯಿತು ಎಂದು ನೋಡಿ. ದೋಷವರದಿ ಬರೆಯುವಾಗ ಆ ಕಡತದ ಹೆಸರಿನ ಜೊತೆಗೆ, ನಿಜವಾದ ಲಿನಕ್ಸ್ ಯಂತ್ರದಲ್ಲಿ ಅದರೊಳಗೆ ಏನಿರುತ್ತದೆ ಎಂಬುದನ್ನೂ ಹಾಗೇ ನಕಲು ಮಾಡಿ ಸೇರಿಸಿ. ಸರಿಪಡಿಸುವವರಿಗೆ ಮೊದಲು ಬೇಕಾಗುವುದೇ ಅದು.